ಎಸ್ಟಿಮೇಟಿನಲ್ಲಿ ನಾವು ಎಲ್ಲಿದ್ದೇವೆ?

“ಮಾಸ್ತರ, ಇದು ಟೆಕ್ನಿಕಲ್ ವಿಷಯ ಐತಿ. ನಿಮಗ ತಿಳಿಯೂದಿಲ್ಲ, ಬಿಡ್ರಿ.”

ಕೆಲವು ವರ್ಷಗಳ ಹಿಂದೆ, ಮುಂಡರಗಿ ತಾಲೂಕಿನ ನಮ್ಮ ಕೇರಿಯ ರಸ್ತೆಯ ಎಸ್ಟಿಮೇಟು ನೋಡಬೇಕೆಂದು ಕಚೇರಿಯೊಂದಕ್ಕೆ ಹೋದಾಗ ನನಗೆ ಸಿಕ್ಕ ಉತ್ತರ ಇದು. ಹೇಳಿದವರು ಕೆಟ್ಟ ಮನುಷ್ಯರೇನಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಕಾಗದ ಮಾತ್ರ ಕೊಡಲಿಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಬರೆದಿಟ್ಟ ದೇಶ ಇದು. ಈಗ ಕಾದ ಸೀಸ ಇಲ್ಲ, ಬಿಸಿ ಚಹಾ ಐತಿ. ಒಳಗಿನ ಮಾತು ಮಾತ್ರ ಅದೇ: ಈ ಅಕ್ಷರ ನಿನ್ನದಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ, ತಿಂಗಳುಗಟ್ಟಲೆ ಅಡ್ಡಾಡಿದ ಮೇಲೆ ಕಾಗದ ಕೈಗೆ ಬಂತು. ಆರು ಹಾಳೆ. ಓದಿದೆ. ಅದರಲ್ಲಿ ಮಂತ್ರವೂ ಇರಲಿಲ್ಲ, ಮಾಯವೂ ಇರಲಿಲ್ಲ. ನಾನು ದಿನಾ ಸಾಲಿಯಲ್ಲಿ ಕಲಿಸುವ ಗಣಿತ ಇತ್ತು. ಉದ್ದ, ಅಗಲ, ದಪ್ಪ, ದರ. ಒಂದು ಸಾಲು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಉಸುಕು ತುಂಗಭದ್ರಾ ಹೊಳೆಯಿಂದ ತರುವುದು, ಅದಕ್ಕೆ ಇಷ್ಟು ಕಿಲೋಮೀಟರಿನ ಸಾಗಾಣಿಕೆ ಎಂದು ಬರೆದಿತ್ತು. ಆ ಉಸುಕು ಎಲ್ಲಿಂದ ಬಂತೆಂಬುದು ನಮ್ಮ ಕೇರಿಯ ಸಣ್ಣ ಹುಡುಗರಿಗೂ ಗೊತ್ತು. ಕೇರಿಯ ಹಿಂದಿನ ಹಳ್ಳದಿಂದ. ತುಂಬಿದವರೂ ಅವರ ಅವ್ವ-ಅಪ್ಪಗಳೇ. ಹೊಳಿ ಮುಖ ನೋಡದ ಉಸುಕಿಗೆ ಹೊಳೆಯಿಂದ ಬಂದ ಬಾಡಿಗೆ!

ಕದ್ದ ಬಾಡಿಗೆಯ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಪ್ರತಿ ಊರಲ್ಲೂ ಇಂಥದ್ದೊಂದು ಇದೆ. ನಾನು ಕೇಳಬೇಕೆಂದಿರುವುದು ಅದಕ್ಕಿಂತ ಹಿಂದಿನ ಪ್ರಶ್ನೆ. ಸರಕಾರ ಒಂದು ಕೆಲಸಕ್ಕೆ ಕೈ ಹಾಕುವ ಮೊದಲು ಇದಕ್ಕೆ ಇಷ್ಟು ಖರ್ಚು ಎಂದು ಬರೆಯುವ ಈ ಕಾಗದ ಯಾವುದನ್ನು ಎಣಿಸುತ್ತದೆ, ಯಾವುದನ್ನು ಬಿಡುತ್ತದೆ? ಸಿಮೆಂಟನ್ನು ಚೀಲದ ಲೆಕ್ಕದಲ್ಲಿ, ಕಬ್ಬಿಣವನ್ನು ಕಿಲೋ ಲೆಕ್ಕದಲ್ಲಿ ಬರೆಯುವವರು ನಮ್ಮನ್ನು ಯಾವ ಲೆಕ್ಕದಲ್ಲಿ ಬರೆದಿದ್ದಾರೆ?

*

ಎಸ್ಟಿಮೇಟಿನ ಭಾಷೆಯಲ್ಲಿ ಎರಡು ಶಬ್ದಗಳಿವೆ. ಲೀಡು ಮತ್ತು ಲಿಫ್ಟು. ಲೀಡು ಎಂದರೆ ಮಣ್ಣನ್ನೋ ಕಲ್ಲನ್ನೋ ಎಷ್ಟು ದೂರ ಒಯ್ಯಬೇಕು ಎಂಬುದು. ಲಿಫ್ಟು ಎಂದರೆ ಎಷ್ಟು ಎತ್ತರಕ್ಕೆ ಏರಿಸಬೇಕು ಎಂಬುದು. ಮಣ್ಣು ಅಗೆಯುವ ಕೆಲಸದ ದರದಲ್ಲಿ ಮೊದಲ 50 ಮೀಟರು ದೂರ, ಮೊದಲ ಒಂದೂವರೆ ಮೀಟರು ಎತ್ತರ ಒಳಗೇ ಸೇರಿಬಿಟ್ಟಿರುತ್ತವೆ. ಅದಕ್ಕೆ ಬೇರೆ ಲೆಕ್ಕವಿಲ್ಲ, ಬೇರೆ ಸಾಲಿಲ್ಲ.

ನಮ್ಮವ್ವ ಬರಗಾಲದ ಕಾಮಗಾರಿಗಳಲ್ಲಿ ಬುಟ್ಟಿ ಹೊತ್ತವಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಬಗಲಲ್ಲಿ ನನ್ನ ತಂಗಿ. ಅವಳು ಆಯುಷ್ಯದುದ್ದಕ್ಕೂ ನಡೆದದ್ದು ಆ ಮೊದಲ 50 ಮೀಟರಿನೊಳಗೇ. ಹೋಗುವುದು, ಸುರಿಯುವುದು, ಬರುವುದು. ಲಾರಿಯ ಒಂದೊಂದು ಕಿಲೋಮೀಟರಿಗೂ ದರ ಹಚ್ಚಿದ ಪುಸ್ತಕದಲ್ಲಿ ಅವಳ ನಡಿಗೆಗೆ ಸಾಲು ಇರಲಿಲ್ಲ.

ಇದು ಇಂದಿನದಲ್ಲ. 1876-78ರ ಬರ ಅಂದಿನ ಮುಂಬಯಿ ಆಧಿಪತ್ಯದಲ್ಲಿದ್ದ ಈ ಧಾರವಾಡ ಸೀಮೆಯನ್ನು ಹುರಿದು ಮುಕ್ಕಿತು. ಬರದ ಕಾಮಗಾರಿಗೆ ಬಂದ ಆಳಿಗೆ ದಿನಕ್ಕೆ ಎಷ್ಟು ಕೊಟ್ಟರೆ ಜೀವ ಹಿಡಿದು ಕೆಲಸ ಮಾಡಬಲ್ಲ ಎಂದು ಸರ್ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಸಾಹೇಬ 1877ರಲ್ಲಿ ಅಂದಾಜು ಹಾಕಿದ. ಒಂದು ಪೌಂಡು ಕಾಳು, ಅಂದರೆ ಅರ್ಧ ಕಿಲೋಕ್ಕಿಂತ ಕಡಿಮೆ, ಮೇಲೆ ಕೈಗೆ ಒಂದಿಷ್ಟು ಕಾಸು. ಖಜಾನೆಗೆ ಹೊರೆಯಾಗಬಾರದು ಎಂಬುದು ಅವನ ಚಿಂತೆ. ಸಾಹೇಬ ಹೋದ. ಮನುಷ್ಯನನ್ನು ಎಷ್ಟು ಕಡಿಮೆಗೆ ಮುಗಿಸಬಹುದು ಎಂಬ ಆ ಲೆಕ್ಕದ ಚಟ ಹೋಗಲಿಲ್ಲ. ಕುರ್ಚಿ ಉಳಿಯಿತು, ಟೊಪ್ಪಿಗೆ ಬದಲಾಯಿತು.

*

ಈಗ ದೊಡ್ಡ ಲೆಕ್ಕಕ್ಕೆ ಬರೋಣ.

ಕೇರಿಯ ರಸ್ತೆಗೆ ಎಸ್ಟಿಮೇಟು ಉಬ್ಬಿಸುತ್ತಾರೆ. ದೊಡ್ಡ ಅಣೆಕಟ್ಟಿಗೆ, ಕಾಲುವೆಗೆ, ರೈಲು ದಾರಿಗೆ ಎಸ್ಟಿಮೇಟು ಕುಗ್ಗಿಸುತ್ತಾರೆ. ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧ. ಒಳಗೆ ಒಂದೇ ರೋಗ. ಸಣ್ಣ ಕೆಲಸದಲ್ಲಿ ಪರ್ಸೆಂಟೇಜು ಹಂಚಲು ಜಾಗ ಬೇಕು, ಅದಕ್ಕೆ ಉಬ್ಬಿಸಬೇಕು. ದೊಡ್ಡ ಕೆಲಸದಲ್ಲಿ ಮೊದಲು ಮಂಜೂರಾತಿಯ ಬಾಗಿಲು ದಾಟಬೇಕು, ಅದಕ್ಕೆ ಕುಗ್ಗಿಸಬೇಕು. ಒಮ್ಮೆ ಗುದ್ದಲಿ ಪೂಜೆ ಆಯಿತೆಂದರೆ, ಅರ್ಧ ಗೋಡೆ ಎದ್ದಿತೆಂದರೆ, ಆಮೇಲೆ ಬಿಡುವವರು ಯಾರು? ಪರಿಷ್ಕೃತ ಅಂದಾಜು, ಮರುಪರಿಷ್ಕೃತ ಅಂದಾಜು. ಹೆಸರಿಗೆ ಬರವೇ ಇಲ್ಲ. ಎರಡೂ ಕಡೆ ಅಂಕಿ ಹುಟ್ಟುವುದು ಕೆಲಸ ಅಳೆದು ಅಲ್ಲ, ಮಾಡಿಸುವವರ ಗರಜು ಅಳೆದು.

ಇದು ನನ್ನೊಬ್ಬನ ಸಿಟ್ಟಲ್ಲ. ಡೆನ್ಮಾರ್ಕಿನ ಬೆಂಟ್ ಫ್ಲೂಬ್ಯೋ ಎಂಬ ವಿದ್ವಾಂಸ ಮತ್ತು ಅವನ ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 20 ದೇಶಗಳ 258 ರಸ್ತೆ, ಸೇತುವೆ, ರೈಲು ಯೋಜನೆಗಳ ಮೊದಲಿನ ಅಂದಾಜನ್ನೂ ಕೊನೆಯ ಖರ್ಚನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹತ್ತರಲ್ಲಿ ಒಂಬತ್ತು ಯೋಜನೆಗಳಲ್ಲಿ ಅಂದಾಜು ಕಡಿಮೆಯಾಗಿತ್ತು. ರೈಲು ಯೋಜನೆಗಳ ಖರ್ಚು ಸರಾಸರಿ ನೂರಕ್ಕೆ 45ರಷ್ಟು ಮೇಲೆ ಹೋಗಿತ್ತು. ಎಪ್ಪತ್ತು ವರ್ಷಗಳ ಲೆಕ್ಕದಲ್ಲಿ ಈ ತಪ್ಪು ಚೂರೂ ತಿದ್ದಿಕೊಂಡಿರಲಿಲ್ಲ. ಇದು ಕೈತಪ್ಪಲ್ಲ, ಯೋಜನೆ ಮಂಜೂರಾಗಲಿ ಎಂದು ಹೇಳಿದ ಸುಳ್ಳು ಎಂಬ ನಿರ್ಣಯಕ್ಕೆ ಅವರು ಬಂದರು. ಜಾಗತಿಕ ಅಣೆಕಟ್ಟು ಆಯೋಗ 2000ರಲ್ಲಿ ಕೊಟ್ಟ ವರದಿಯಲ್ಲೂ, ಆಯೋಗ ಪರಿಶೀಲಿಸಿದ ದೊಡ್ಡ ಅಣೆಕಟ್ಟುಗಳ ಖರ್ಚು ಅಂದಾಜಿಗಿಂತ ಸರಾಸರಿ ನೂರಕ್ಕೆ 56ರಷ್ಟು ಏರಿತ್ತು.

ಕಿರಾಣಿ ಅಂಗಡಿಯವನು ಹತ್ತು ಸಲ ತೂಗಿ ಒಂದು ಸಲ ತಪ್ಪಿದರೆ ಕೈತಪ್ಪು ಅನ್ನೋಣ. ಐದು ಸಲ ನಮ್ಮ ಕಡೆ, ಐದು ಸಲ ತನ್ನ ಕಡೆ ತಪ್ಪಿದರೂ ತಕ್ಕಡಿ ಕೆಟ್ಟೈತಿ ಅನ್ನೋಣ. ಹತ್ತರಲ್ಲಿ ಒಂಬತ್ತು ಸಲ ತನ್ನ ಕಡೆಗೇ ತಪ್ಪಿದರೆ? ನಮ್ಮ ಕೇರಿಯ ಹೆಣ್ಣುಮಕ್ಕಳು ಅದಕ್ಕೆ ಏನು ಹೆಸರು ಇಡುತ್ತಾರೆ ಎಂದು ನಾನು ಇಲ್ಲಿ ಬರೆಯಲಾರೆ.

ನಮ್ಮ ನಾಡಿನದೇ ಉದಾಹರಣೆ ಬೇಕೇ? ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ. ಆಲಮಟ್ಟಿಯ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೆಲಸ. 2012ರ ಅಂದಾಜು 17,207 ಕೋಟಿ ರೂಪಾಯಿ. 2017ರ ಅಂದಾಜು 51,148 ಕೋಟಿ. ಐದು ವರ್ಷದಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. ಸಿಮೆಂಟಿನ ಬೆಲೆ ಮೂರು ಪಟ್ಟಾಯಿತೇ? ಇಲ್ಲ. ಹೆಚ್ಚಳದ ದೊಡ್ಡ ಪಾಲು ಭೂಸ್ವಾಧೀನದ್ದು, ಪುನರ್ವಸತಿಯದು. ಆ ನಡುವೆ 2013ರ ಭೂಸ್ವಾಧೀನ ಕಾಯ್ದೆ ಬಂದು, ಮುಳುಗುವವರಿಗೆ ಸರಿಯಾದ ಬೆಲೆ ಕಟ್ಟಿರಿ ಎಂದಿತು.

ಸಂಗಾತಿಗಳೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಅಂಕಿ ಏರಿತೆಂದು ಪೇಟೆಯ ಪಂಡಿತರು ಬಾಯಿ ಬಡಿದುಕೊಂಡರು. ನಾನು ಅದನ್ನು ಬೇರೆ ಥರ ಓದುತ್ತೇನೆ. ಮನುಷ್ಯರನ್ನು ಎಣಿಸಿದ ಕೂಡಲೇ ಅಂದಾಜು ಮೂರು ಪಟ್ಟಾಯಿತು ಎಂದರೆ, ಮೊದಲಿನ ಅಂದಾಜು ಕಡಿಮೆ ಇದ್ದದ್ದು ಮನುಷ್ಯರನ್ನು ಬಿಟ್ಟದ್ದಕ್ಕೇ. ಅಗ್ಗದ ಅಣೆಕಟ್ಟು ಎಂಬುದು ಎಂದೂ ಇರಲಿಲ್ಲ. ಉಳಿದ ಖರ್ಚನ್ನು ಮುಳುಗಿದವರು ತಮ್ಮ ಮೈಮೇಲೆ ಹೊತ್ತಿದ್ದರು, ರಸೀದಿ ಇಲ್ಲದೆ.

2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಈ ಯೋಜನೆಗೆ ಭೂಮಿ ಕೊಡುವವರಿಗೆ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಹೊಲಕ್ಕೆ 30 ಲಕ್ಷ ಎಂದು ತೀರ್ಮಾನಿಸಿತು. ರೈತರು ಹೋರಾಡಿ ಪಡೆದದ್ದು, ಪಡೆಯಲಿ. ಆದರೆ ಅದೇ ಹೊಲದಲ್ಲಿ ಮೂರು ತಲೆಮಾರು ಕಳೆ ಕಿತ್ತವಳಿಗೆ? ಸೊನ್ನೆ ಎಕರೆಯನ್ನು 40 ಲಕ್ಷದಿಂದ ಗುಣಿಸಿರಿ. ನಾಲ್ಕನೇ ಇಯತ್ತೆಯ ಹುಡುಗ ಉತ್ತರ ಹೇಳುತ್ತಾನೆ. ಪುನರ್ವಸತಿಗೆ ಬೇರೆ ಕಲಮುಗಳಿವೆ ಎನ್ನುತ್ತಾರೆ. ಇವೆ. ಹೊಲವಿಲ್ಲದ ಕೂಲಿಯವರು, ಪಾಲಿಗೆ ಮಾಡುವವರು, ಮೂರು ವರ್ಷ ಅಲ್ಲೇ ದುಡಿದು ಬದುಕಿದವರು ಕೂಡ ಬಾಧಿತ ಕುಟುಂಬಗಳೇ ಎಂದು 2013ರ ಕಾಯ್ದೆ ಬಾಯಿಬಿಟ್ಟು ಹೇಳಿದೆ. ಅವರನ್ನು ಹುಡುಕಿ ಬರೆಯುವುದಕ್ಕೇ ಸಾಮಾಜಿಕ ಪರಿಣಾಮದ ಅಧ್ಯಯನ ಎಂಬ ಹೆಜ್ಜೆ ಇಟ್ಟಿತ್ತು. ನಮ್ಮ ರಾಜ್ಯ 2019ರಲ್ಲಿ ತಿದ್ದುಪಡಿ ತಂದು, ನೀರಾವರಿಯಂಥ ಯೋಜನೆಗಳನ್ನು ಆ ಅಧ್ಯಯನದಿಂದ ಬಿಡಿಸುವ ದಾರಿ ಮಾಡಿಕೊಂಡಿತು. ಎಣಿಸುವ ಕೈಯನ್ನೇ ಕಟ್ಟಿಹಾಕಿದ ಮೇಲೆ, ಎಣಿಕೆಯಲ್ಲಿ ನೀವು ಬರಲಿಲ್ಲವಲ್ಲ ಎನ್ನುವುದು ಸುಲಭ.

*

ಆಲಮಟ್ಟಿ ದೂರ ಆಯಿತು ಎನ್ನುವವರು ನಮ್ಮ ಹಮ್ಮಿಗಿಗೆ ಬನ್ನಿರಿ. ಸಿಂಗಟಾಲೂರು ಏತ ನೀರಾವರಿ. ಹೆಸರು ಸಿಂಗಟಾಲೂರಿನದು, ಬ್ಯಾರೇಜು ಮುಂಡರಗಿ ತಾಲೂಕಿನ ಹಮ್ಮಿಗಿಯಲ್ಲಿ. ಕಪ್ಪತಗುಡ್ಡದ ನೆರಳಲ್ಲಿ ಬೆಂದ ಈ ಸೀಮೆಗೆ ನೀರು ಬೇಕಿತ್ತು. ಬೇಡ ಎಂದವರು ಯಾರೂ ಇಲ್ಲ, ನಾವೂ ಅಲ್ಲ.

ಕಲ್ಲು ಎದ್ದಿತು, ಗೇಟು ಕೂತಿತು, ಪಂಪು ಬಂತು. ಆದರೆ ಬ್ಯಾರೇಜಿನ ತುಂಬ ನೀರು ನಿಲ್ಲಿಸಲು ವರ್ಷಗಟ್ಟಲೆ ಆಗಲಿಲ್ಲ. ಯಾಕೆ? ಹಿನ್ನೀರಿನಲ್ಲಿ ಹಮ್ಮಿಗಿ, ಬಿದರಳ್ಳಿ, ವಿಠಲಾಪುರ, ಗುಮ್ಮಗೋಳದ ಜನ ಇದ್ದರು. ಅವರ ಸ್ಥಳಾಂತರ ಮುಗಿದಿರಲಿಲ್ಲ. ಗೇಟಿಗೆ ಹಚ್ಚುವ ಬಣ್ಣದ ಲೆಕ್ಕ ಹಾಕಿದವರು, ಆ ಗೇಟು ಮುಚ್ಚಿದರೆ ಯಾರ ಮನೆಗೆ ನೀರು ನುಗ್ಗುತ್ತದೆ ಎಂಬ ಲೆಕ್ಕವನ್ನು ಕಡೆಗೆ ಇಟ್ಟಿದ್ದರು. ಜನರನ್ನು ಕೊನೆಯ ಸಾಲಿಗೆ ತಳ್ಳಿದ ತಪ್ಪಿಗೆ ಯೋಜನೆಯೇ ಅರ್ಧ ಹೊಟ್ಟೆಯಲ್ಲಿ ನಿಂತಿತು. ನೀರು ಬರುತ್ತದೆ ಎಂದು ಕಾದ ಮೇಲಿನ ರೈತನಿಗೂ ನಷ್ಟ, ಊರು ಬಿಡಲೂ ಆಗದೆ ಇರಲೂ ಆಗದೆ ಕೂತವನಿಗೂ ನಷ್ಟ. ಎಡದಂಡೆಯಲ್ಲಿ ತೆರೆದ ಕಾಲುವೆಯ ಬದಲು ಹನಿ ನೀರಾವರಿ ಎಂದರು. ಆಗಲೂ ಹೊಸ ಅಂದಾಜು, ಹೊಸ ಟೆಂಡರು. ರೈತರು ಮಾತ್ರ ಕಾಲುವೆಯನ್ನೇ ಕೇಳುತ್ತ ಉಳಿದರು.

ಮುಳುಗಡೆಯ ಊರಿನಲ್ಲಿ ಕೂತು ಮಾತಾಡಿದವರಿಗೆ ಇದು ಗೊತ್ತು. ಉತಾರದಲ್ಲಿ ಹೆಸರಿದ್ದವನು ಕೋರ್ಟಿಗೆ ಹೋಗಿ ಹೆಚ್ಚಿನ ಪರಿಹಾರ ಕೇಳಬಲ್ಲ. ಉತಾರ ಇಲ್ಲದವನು ಎಲ್ಲಿಗೆ ಹೋಗಬೇಕು? ಹೊಳೆದಂಡೆಯ ಗಾಂವಠಾಣದಲ್ಲಿ ಗುಡಿಸಲು, ಗಾಯರಾಣದಲ್ಲಿ ಬಗರ್‌ಹುಕುಂ ತುಂಡು, ಹೊಳೆಯಲ್ಲಿ ಮೀನು, ಮೇಲಿನವರ ಹೊಲದಲ್ಲಿ ಕೂಲಿ. ಇಷ್ಟೂ ಸೇರಿ ಒಂದು ಬದುಕು. ಎಸ್ಟಿಮೇಟಿನಲ್ಲಿ ಇದಕ್ಕೆ ದರ ಇಲ್ಲ. ಸಾವಿರಾರು ಬಾಬುಗಳ ದರಪಟ್ಟಿ ಮುದ್ರಿಸುವ ಇಲಾಖೆಗೆ ಈ ಒಂದು ಬಾಬು ಹೊಳೆಯಲಿಲ್ಲ.

ಈ ಜಿಲ್ಲೆಗೆ ಇದರ ನೆನಪು ಇರಬೇಕು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರು ಆಯಿತಲ್ಲ, ಅದರ ಬೇರು ಎಲ್ಲಿತ್ತು? ಮಲಪ್ರಭಾ ಕಾಲುವೆಯ ಹೆಸರಲ್ಲಿ ಹೇರಿದ ಅಭಿವೃದ್ಧಿ ಕರದಲ್ಲಿ. ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟುವ ಮೊದಲೇ ವಸೂಲಿಯ ಚೀಟಿ ಮುಟ್ಟಿತ್ತು. ಕಾಗದದ ಲೆಕ್ಕ ಹೊಲದ ಲೆಕ್ಕಕ್ಕೆ ಕೂಡದಿದ್ದಾಗ ಅದು ಬಂದೂಕಿನ ಲೆಕ್ಕಕ್ಕೆ ಬರುತ್ತದೆ.

ಇತ್ತ ಗದಗ-ಯಲವಿಗಿ ರೈಲು ದಾರಿ ನೋಡಿರಿ. ಶಿರಹಟ್ಟಿ, ಲಕ್ಷ್ಮೇಶ್ವರದ ಜನ ವರ್ಷಗಳಿಂದ ಕೇಳುತ್ತ ಬಂದದ್ದು. 58 ಕಿಲೋಮೀಟರು, 640 ಕೋಟಿ ರೂಪಾಯಿ ಎಂದು ಅಂದಾಜು. ಅರ್ಧ ಖರ್ಚು ರಾಜ್ಯ ಹೊರಬೇಕು, ಭೂಮಿಯನ್ನು ಪುಕ್ಕಟೆ ಕೊಡಬೇಕು ಎಂದು ಕರಾರು. ಲಕ್ಷ್ಮೇಶ್ವರದ ಪ್ಯಾಟಿಯಲ್ಲಿ ಇನ್ನೂ ರೈಲಿನ ಸೀಟಿ ಕೇಳಿಲ್ಲ. ಆ ಪುಕ್ಕಟೆ ಎಂಬ ಶಬ್ದವನ್ನು ಗುರುತು ಹಾಕಿಟ್ಟುಕೊಳ್ಳಿರಿ. ದಿಲ್ಲಿಯ ಕಾಗದದಲ್ಲಿ ಪುಕ್ಕಟೆ ಎಂದು ಬರೆದ ಭೂಮಿ ಇಲ್ಲಿ ಯಾರದೋ ಜ್ವಾಳದ ಹೊಲ, ಯಾರದೋ ಕೂಲಿಯ ಜಾಗ. ರೈಲು ಬರಲಿ. ಬರುವ ಮೊದಲು ಆ ಶಬ್ದಕ್ಕೆ ಬೆಲೆ ಕಟ್ಟಲಿ.

*

ಪಟ್ಟಣಕ್ಕೆ ಬಂದರೆ ಲೆಕ್ಕ ಸುಧಾರಿಸೀತು ಎನ್ನುವಿರಾ? ಗದಗ-ಬೆಟಗೇರಿಯಲ್ಲಿ ನಳಕ್ಕೆ ನೀರು ಬರುವುದನ್ನು ಜನ ಹಬ್ಬದಂತೆ ದಿನ ಎಣಿಸಿ ಕಾದವರು. ಆದರೆ ನಾನು ಕುಡಿಯುವ ನೀರಿನ ಮಾತು ಬಿಟ್ಟು ಹರಿದುಹೋಗುವ ನೀರಿನ ಮಾತು ಆಡುತ್ತೇನೆ. ಯಾವುದೇ ಪಟ್ಟಣದ ಒಳಚರಂಡಿಯ ಎಸ್ಟಿಮೇಟು ತೆಗೆದು ನೋಡಿರಿ. ಪೈಪು ಇದೆ, ಅದರ ಸುತ್ತಳತೆ ಇದೆ, ಎಷ್ಟು ದೂರಕ್ಕೊಂದು ಆಳುಗುಂಡಿ ಎಂಬುದಿದೆ. ಕಟ್ಟಿಕೊಂಡಾಗ ಅದನ್ನು ಬಿಡಿಸುವ ಯಂತ್ರ ಎಷ್ಟು, ನಡೆಸುವವರು ಎಷ್ಟು, ಇಪ್ಪತ್ತು ವರ್ಷ ಅದರ ಖರ್ಚು ಎಷ್ಟು, ಇದು ಆ ಪಟ್ಟಿಯಲ್ಲಿ ಎಲ್ಲಿದೆ? ಹುಡುಕಿರಿ. ಸಿಗದಿದ್ದರೆ ಅದರ ಅರ್ಥ ಒಂದೇ. ಪೈಪು ಕಟ್ಟಿಕೊಂಡಾಗ ಒಂದು ಜಾತಿ ಇದೆ ಎಂದು ಬರೆಯುವವನಿಗೆ ಗೊತ್ತು. ಬರೆಯದೆ ಬಿಟ್ಟ ಆ ಬಾಬಿನ ಹೆಸರು ಜಾತಿ.

ಮಲ ಹೊರುವುದನ್ನು 1993ರ ಕಾಯ್ದೆ ನಿಷೇಧಿಸಿತು. 2013ರ ಕಾಯ್ದೆ ರಕ್ಷಣೆಯ ಸಾಧನವಿಲ್ಲದೆ ಚರಂಡಿಗೆ ಮನುಷ್ಯರನ್ನು ಇಳಿಸುವುದನ್ನೂ ನಿಷೇಧಿಸಿತು. ಒಳಗಿಳಿದು ಸತ್ತವನ ಮನೆಯವರಿಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೋರ್ಟು ಸಾವಿಗೆ ಬೆಲೆ ಕಟ್ಟಬೇಕಾಗಿ ಬಂದದ್ದು, ಇಲಾಖೆ ಯಂತ್ರಕ್ಕೆ ಬೆಲೆ ಕಟ್ಟಲಿಲ್ಲ ಎಂಬುದಕ್ಕೆ. ನೋಡಿರಿ, ಎಂಥ ಉಳಿತಾಯ!

*

ಈಗ ರೊಕ್ಕ ಯಾರದು ಎಂಬ ಪ್ರಶ್ನೆ. ಪರಿಶಿಷ್ಟ ಜಾತಿ, ಪಂಗಡದ ಜನಸಂಖ್ಯೆಗೆ ತಕ್ಕಂತೆ ಅಭಿವೃದ್ಧಿಯ ಹಣದಲ್ಲಿ ನೂರಕ್ಕೆ 24.1 ಪಾಲು ತೆಗೆದಿಡಬೇಕೆಂದು ನಮ್ಮ ರಾಜ್ಯ 2013ರಲ್ಲಿ ಕಾಯ್ದೆ ಮಾಡಿತು. ಅದರೊಳಗೆ 7(ಡಿ) ಎಂಬ ಇಲಿಬಿಲ ಇತ್ತು. ದೊಡ್ಡ ಸೇತುವೆ, ಕಾಲುವೆ, ಕಟ್ಟಡದ ಖರ್ಚಿನಲ್ಲಿ ಒಂದು ಪಾಲನ್ನು ದಲಿತರಿಗೆ ಖರ್ಚಾದದ್ದೆಂದು ಭಾವಿಸಿ ಬರೆದುಕೊಳ್ಳುವ ಅವಕಾಶ. ಭಾವಿಸುವುದು! ಅಂದರೆ ದೊಡ್ಡ ಯೋಜನೆಯ ಅಂದಾಜು ಉಬ್ಬಿದರೆ ನಮ್ಮ ಖಾತೆಯಿಂದಲೂ ಕಡಿತ. ಅದರ ನೀರು ನಮ್ಮ ಹೊಲಕ್ಕೆ ಬರಬೇಕೆಂದರೆ ನಮಗೆ ಮೊದಲು ಹೊಲ ಬೇಕಲ್ಲ? ಹೋರಾಡಿ ಹೋರಾಡಿ 2023ರಲ್ಲಿ ಆ ಕಲಮನ್ನು ತೆಗೆಸಿದೆವು. ಅಷ್ಟರಲ್ಲೇ ಇನ್ನೊಂದು ಬಾಗಿಲು ತೆರೆಯಿತು. 2023-24ರಲ್ಲಿ ಸುಮಾರು 11 ಸಾವಿರ ಕೋಟಿ, 2024-25ರಲ್ಲಿ 14 ಸಾವಿರ ಕೋಟಿಗೂ ಮೇಲೆ ಇದೇ ಹಣವನ್ನು ಗ್ಯಾರಂಟಿ ಯೋಜನೆಗಳಿಗೆ ತೋರಿಸಿದರು. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಎಂಬುದು ಸರಕಾರದ ಉತ್ತರ. ಎಲ್ಲರಿಗೂ ಕೊಡುವುದರಲ್ಲಿ ಎಲ್ಲರ ರೊಕ್ಕ ಹಾಕಿರಿ. ನಮ್ಮ ಪಾಲಿನ ರೊಟ್ಟಿ ಮುರಿದು ನಮಗೇ ಊಟಕ್ಕೆ ಬಡಿಸುವುದು ಯಾವ ಸೀಮೆಯ ಔತಣ?

ಪರ್ಸೆಂಟೇಜಿನ ಮಾತು ಹೊಸದಾಗಿ ಹೇಳಬೇಕಿಲ್ಲ. ಟೆಂಡರಿನ ಮೊತ್ತದ ನೂರಕ್ಕೆ 40ರ ತನಕ ಲಂಚಕ್ಕೇ ಹೋಗುತ್ತಿದೆ ಎಂದು ರಾಜ್ಯದ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಆರೋಪಿಸಿತು. ಮಠಗಳ ಅನುದಾನದಲ್ಲೂ ನೂರಕ್ಕೆ 30 ಹಿಡಿಯುತ್ತಾರೆಂದು ನಮ್ಮ ಸೀಮೆಯ ಬಾಲೆಹೊಸೂರಿನ ದಿಂಗಾಲೇಶ್ವರ ಸ್ವಾಮಿಗಳೇ 2022ರ ಏಪ್ರಿಲಿನಲ್ಲಿ ಆರೋಪಿಸಿದರು. ಸರಕಾರ ಬದಲಾದ ಮೇಲೂ ಗುತ್ತಿಗೆದಾರರು ಅದೇ ದೂರು ಹೇಳಿದರು. ಅವರವರ ಜಗಳ ಅವರು ಬಗೆಹರಿಸಿಕೊಳ್ಳಲಿ. ನನ್ನ ಪ್ರಶ್ನೆ ಲೆಕ್ಕದ್ದು. ನೂರರಲ್ಲಿ 40 ಹೋಗಿಯೂ ಕೆಲಸ ಮುಗಿಯುತ್ತದೆ ಎಂದರೆ ಎಸ್ಟಿಮೇಟು ಎಷ್ಟು ಉಬ್ಬಿತ್ತು? ಉಬ್ಬಿರಲಿಲ್ಲ ಎಂದರೆ ಆ 40 ಯಾರ ಮೈಯಿಂದ ಬಂತು? ರಸ್ತೆಯ ದಪ್ಪದಿಂದ, ಗೋಡೆಯ ಸಿಮೆಂಟಿನಿಂದ, ಕೂಲಿಯವಳ ಪಗಾರದಿಂದ.

ಇನ್ನು ನಮ್ಮವರಿಗೂ ಒಂದು ಮಾತು ಹೇಳದೆ ಬಿಟ್ಟರೆ ನಾನು ಹೇಡಿ. ಪರಿಶಿಷ್ಟರಿಗೆ ಗುತ್ತಿಗೆಯಲ್ಲಿ ಮೀಸಲಾತಿ ಬಂತು. ಮೊದಲು 50 ಲಕ್ಷದ ಕೆಲಸಗಳ ತನಕ, 2023ರಲ್ಲಿ ಒಂದು ಕೋಟಿಯ ತನಕ. ಅದು ನ್ಯಾಯ, ಅದಕ್ಕಾಗಿ ನಾವೂ ಕೂಗಿದ್ದೇವೆ. ಆದರೆ ಎಷ್ಟು ಕಡೆ ಹೆಸರು ನಮ್ಮವನದು, ಗುತ್ತಿಗೆ ಗೌಡನದು? ಎಷ್ಟು ಕಡೆ ಸಣ್ಣ ಕೆಲಸಗಳನ್ನು ಒಂದೇ ಪ್ಯಾಕೇಜಿಗೆ ಹೊಲಿದು ನಮ್ಮವನನ್ನು ಹೊರಗೆ ನಿಲ್ಲಿಸಿದರು? ಇದು ಅವರ ಕುತಂತ್ರ. ನಮ್ಮದು ಇನ್ನೊಂದಿದೆ. ನಿನ್ನೆ ಕ್ರಾಂತಿಗೀತೆ ಹಾಡುತ್ತಿದ್ದ ಗೆಳೆಯ ಇಂದು ಗುತ್ತೇದಾರನಾಗಿ ಅದೇ ಹಳ್ಳದ ಉಸುಕಿಗೆ ಅದೇ ಹೊಳೆಯ ಬಾಡಿಗೆ ಹಚ್ಚುತ್ತಾನೆ. ಕೇಳಿದರೆ, “ಎಲ್ಲಾರೂ ತಿನ್ನಾಕ ಹತ್ಯಾರ, ನಾವ್ಯಾಕ ಬಿಡಬೇಕೋ ತಮ್ಮಾ?” ಅನ್ನುತ್ತಾನೆ. ಅಣ್ಣಾ, ನಾವು ಕೇಳಿದ್ದು ಪಂಕ್ತಿಯಲ್ಲಿ ಜಾಗವಲ್ಲ. ಆ ಪಂಕ್ತಿಯನ್ನೇ ಎಬ್ಬಿಸಬೇಕೆಂದು ಕೇಳಿದ್ದೆವು.

*

ಬಾಬಾಸಾಹೇಬರು ಲೆಕ್ಕದ ಮನುಷ್ಯ ಎಂಬುದನ್ನು ನಾವು ಮರೆತಿದ್ದೇವೆ. ಬ್ರಿಟಿಷ್ ಇಂಡಿಯಾದ ಪ್ರಾಂತಗಳ ಹಣಕಾಸಿನ ಮೇಲೆ ಅವರ ಪುಸ್ತಕ ಬಂದದ್ದು 1925ರಲ್ಲಿ. ಸರಕಾರ ಯಾರಿಂದ ರೊಕ್ಕ ಎತ್ತುತ್ತದೆ, ಯಾರಿಗೆ ಖರ್ಚು ಮಾಡುತ್ತದೆ ಎಂದು ಓದಬಲ್ಲವರಾಗಿಯೇ ಅವರು ಅಧಿಕಾರದ ಎದುರು ನಿಂತರು. ಅವರ ಚಿತ್ರಕ್ಕೆ ಹಾರ ಹಾಕುವ ನಮ್ಮ ಕೈಗೆ ಬಜೆಟ್ಟಿನ ಪುಸ್ತಕ ಯಾಕೆ ಭಾರ?

ಆದ್ದರಿಂದ ನಾವು ಇಷ್ಟನ್ನು ಕೇಳಬೇಕು.

ಒಂದು: ಕೆಲಸ ಶುರುವಾಗುವ ಮೊದಲು ಅದರ ಎಸ್ಟಿಮೇಟು ಕನ್ನಡದಲ್ಲಿ, ಬಾಬುವಾರು, ಗ್ರಾಮಸಭೆಯಲ್ಲಿ ಓದಬೇಕು. ಒಟ್ಟು ಮೊತ್ತದ ಬೋರ್ಡು ಸಾಲದು.

ಎರಡು: ಅಂದಾಜು ಪರಿಷ್ಕರಿಸಿದಾಗಲೆಲ್ಲ ಮೊದಲಿನ ಅಂಕಿ, ಹೊಸ ಅಂಕಿ, ಕಾರಣ, ಸಹಿ ಮಾಡಿದವರ ಹುದ್ದೆ ಪಕ್ಕಪಕ್ಕ ಪ್ರಕಟವಾಗಬೇಕು.

ಮೂರು: ಮುಳುಗುವವರ, ಎದ್ದು ಹೋಗುವವರ ಪಟ್ಟಿ ಮೊದಲ ಎಸ್ಟಿಮೇಟಿನ ಮೊದಲ ಹಾಳೆಯಲ್ಲಿ ಇರಬೇಕು. ಹೊಲ ಇಲ್ಲದವರೂ ಅದರಲ್ಲಿರಬೇಕು. ಅವರ ಹಣ ತೆಗೆದಿಡದೆ ಟೆಂಡರು ಕರೆಯಬಾರದು.

ನಾಲ್ಕು: ಒಳಚರಂಡಿಯ ಯಾವ ಎಸ್ಟಿಮೇಟಿಗೂ ಯಂತ್ರದ ಖರ್ಚು ಸೇರಿಸದೆ ಮಂಜೂರಾತಿ ಕೊಡಬಾರದು.

ಐದು: ಎಸ್ಟಿಮೇಟಿನಲ್ಲಿ ಬರೆದ ಕೂಲಿ ಎಷ್ಟು, ಕೈಗೆ ಕೊಟ್ಟ ಕೂಲಿ ಎಷ್ಟು ಎಂಬುದನ್ನು ಕೆಲಸದ ಜಾಗದಲ್ಲೇ ಬರೆಯಬೇಕು.

ಇದು ಆಗದ ಮಾತೇನಲ್ಲ. ಉದ್ಯೋಗ ಖಾತ್ರಿಯ 2005ರ ಕಾಯ್ದೆ ಕೆರೆ ಹೂಳೆತ್ತುವ ಕೆಲಸಕ್ಕೂ ಗ್ರಾಮಸಭೆಯಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆ ಆಗಬೇಕೆಂದು ಬರೆದಿತ್ತು. ಬುಟ್ಟಿ ಹೊತ್ತವಳ ಹಾಜರಿಗೆ ಊರೆಲ್ಲ ಸೇರಿ ಲೆಕ್ಕ ಕೇಳಬಹುದಾದರೆ, ಸಾವಿರ ಕೋಟಿಯ ಗುತ್ತಿಗೆಗೆ ಯಾಕೆ ಕೇಳಬಾರದು? ಬಡವನ ರೊಕ್ಕಕ್ಕೆ ನೂರು ಕಣ್ಣು, ದೊಡ್ಡವನ ರೊಕ್ಕಕ್ಕೆ ಒಂದು ಕಣ್ಣೂ ಇಲ್ಲ ಎಂಬ ನ್ಯಾಯ ಎಲ್ಲಿಯದು?

ಹಳ್ಳಿಯ ಮಾಸ್ತರರೇ, ಅಕ್ಕೋರೇ, ನಿಮ್ಮ ಕೈಯಲ್ಲಿ ಒಂದು ಆಯುಧ ಇದೆ. ನಾಳೆ ಗಣಿತದ ತಾಸಿನಲ್ಲಿ ಮಕ್ಕಳನ್ನು ಹೊಸ ಕಾಂಕ್ರೀಟು ರಸ್ತೆಗೆ ಕರೆದೊಯ್ಯಿರಿ. ಎಸ್ಟಿಮೇಟಿನಲ್ಲಿ 100 ಮೀಟರು ಉದ್ದ, 3 ಮೀಟರು ಅಗಲ, 15 ಸೆಂಟಿಮೀಟರು ದಪ್ಪ ಎಂದಿದ್ದರೆ 45 ಘನ ಮೀಟರು ಕಾಂಕ್ರೀಟು ಆಗಬೇಕು. ಅಂಚಿನಲ್ಲಿ ಪಟ್ಟಿ ಹಿಡಿದು ದಪ್ಪ ಅಳೆಯಿರಿ. 10 ಸೆಂಟಿಮೀಟರು ಬಂದರೆ 30 ಘನ ಮೀಟರು ಆಯಿತು. ಉಳಿದ 15 ಎಲ್ಲಿ ಹೋಯಿತು ಎಂದು ಮಕ್ಕಳನ್ನೇ ಕೇಳಿರಿ. ಇದಕ್ಕಿಂತ ದೊಡ್ಡ ನಾಗರಿಕ ಪಾಠ ಯಾವ ಪುಸ್ತಕದಲ್ಲೂ ಇಲ್ಲ.

ಹುಡುಗರೇ, ವಿದ್ಯಾರ್ಥಿಗಳೇ, 2005ರ ಮಾಹಿತಿ ಹಕ್ಕಿನ ಕಾಯ್ದೆಯ 2(ಜೆ) ಓದಿರಿ. ಕಾಗದದ ನಕಲು ಕೇಳುವುದಷ್ಟೇ ನಿಮ್ಮ ಹಕ್ಕಲ್ಲ. ಕೆಲಸವನ್ನೇ ಹೋಗಿ ಪರೀಕ್ಷಿಸುವ, ಹಾಕಿದ ಸಾಮಾನಿನ ದೃಢೀಕೃತ ಮಾದರಿ ಕೇಳುವ ಹಕ್ಕೂ ಅದರಲ್ಲಿದೆ. ಎಸ್ಟಿಮೇಟು, ಅಳತೆ ಪುಸ್ತಕ, ಬಿಲ್ಲು, ಈ ಮೂರನ್ನೂ ಒಟ್ಟಿಗೆ ಕೇಳಿರಿ. ಒಂದನ್ನು ಕೇಳಿದರೆ ಒಂದು ಸುಳ್ಳು ಸಿಗುತ್ತದೆ. ಮೂರನ್ನೂ ಎದುರೆದುರು ಕೂಡಿಸಿದರೆ ಅವೇ ಒಂದರ ಸುಳ್ಳನ್ನು ಇನ್ನೊಂದು ಹೇಳುತ್ತವೆ. ಒಬ್ಬರೇ ಹೋಗಬೇಡಿರಿ. ಓಣಿಯವರನ್ನು ಕರೆದುಕೊಂಡು ಹೋಗಿರಿ.

ಆ ಆರು ಹಾಳೆಯನ್ನು ನಾನು ನಮ್ಮವ್ವನ ಮುಂದೆ ಓದಿದ್ದೆ. ಅವಳಿಗೆ ಓದು ಬರುವುದಿಲ್ಲ. ಲೀಡು ಎಂದರೇನು ಎಂದು ಬಿಡಿಸಿ ಹೇಳಿದೆ. ಮೊದಲ 50 ಮೀಟರಿಗೆ ಬೇರೆ ಲೆಕ್ಕ ಇಲ್ಲವ್ವಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಐವತ್ತು ಮೀಟರಂದ್ರ ಎಷ್ಟಪಾ?”

ನಮ್ಮ ಗುಡಿಸಲಿನಿಂದ ಊರಿನ ಭಾವಿಯ ತನಕ ಎಂದೆ.

“ಹಂಗಾದ್ರ ಬರಕೊಂಡಿಲ್ಲಂದ್ರೂ ನಾನು ನಡದೇನಿ. ಅದನ್ನ ನೀ ಬರಿ” ಎಂದಳು.

ಬರೆದಿದ್ದೇನೆ. ಇನ್ನು ನೀವೂ ನಿಮ್ಮ ನಿಮ್ಮ ಊರಿನಲ್ಲಿ ಬರೆಯಿರಿ. ಟೆಕ್ನಿಕಲ್ ಐತಿ ಎಂದವರ ಮೇಜಿನ ಮೇಲೆ ಒಯ್ದು ಇಡೋಣ.